ಗುರುತು ಬಿದ್ದದ್ದು ಕಸ

"ಗೊತ್ತಿಲ್ಲ ಅಪ್ಪ..."

ಮಗಳ ಬಾಯಿಂದ ಆ ಮಾತು ಪೂರ್ತಿ ಹೊರಗೆ ಬಿದ್ದಿರಲಿಲ್ಲ, ಛಟೀರೆಂದು ಕೆನ್ನೆಗೆ ಏಟು ಬಿತ್ತು! ಊಟದ ತಟ್ಟೆ ಎದುರಿಗೇ ಇತ್ತು. ನೀರಿನ ಲೋಟ ಉರುಳಿ ನೆಲದ ಮೇಲೆಲ್ಲಾ ನೀರು ಹರಿಯಿತು. ಆ ನೀರಿನ ದಾರಿಯಲ್ಲೇ ಕಾಲೇಜಿನ ಅರ್ಜಿ ಬಿದ್ದಿತ್ತು. ಗಾಜಕ್ಕ ಏಟು ತಿಂದ ಮಗಳ ಮುಖ ನೋಡುವುದಕ್ಕೆ ಮೊದಲು ಅರ್ಜಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವಳೆಂಥ ತಾಯಿ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಕೆನ್ನೆ ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂಬುದನ್ನು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅರ್ಜಿ ನೆನೆದುಹೋದರೆ ಇನ್ನೊಂದು ಸಿಗುತ್ತಿರಲಿಲ್ಲ. ಆ ದಿನವೇ ಕೊನೆಯ ದಿನ, ಸಂಜೆ ನಾಲ್ಕಕ್ಕೆ ಕಾಲೇಜಿನ ಕಿಟಕಿ ಮುಚ್ಚುತ್ತಿತ್ತು.

"ಹನ್ನೆರಡು ದಿನದಿಂದ ಕೇಳ್ತಿದೀನಿ! ಏನು ಓದ್ತೀಯಾ ಅಂದ್ರೆ ಗೊತ್ತಿಲ್ಲ, ಏನಾಗ್ತೀಯಾ ಅಂದ್ರೆ ಗೊತ್ತಿಲ್ಲ! ಇನ್ನೊಂದ್ಸಲ ಈ ಮನೇಲಿ ಆ ಮಾತು ಕೇಳಿಸ್ತೋ, ಹಲ್ಲು ಉದುರಿಸ್ತೀನಿ!" ಎಂದು ಅಪ್ಪ ಕೂಗಿದ.

ಅವನನ್ನು ಬೀದಿಯೆಲ್ಲಾ ಗಾಜಣ್ಣ ಅನ್ನುತ್ತಿತ್ತು. ಮುಂದಿನ ಕೋಣೆಯಲ್ಲಿ ಗಾಜಿನ ಅಂಗಡಿ, ಹಿಂದೆ ಸಂಸಾರ. ಕಿಟಕಿಗೆ, ಕನ್ನಡಿಗೆ, ಫೋಟೋ ಕಟ್ಟಿಗೆ ಗಾಜು ಕೊಯ್ದು ಕೊಡುವ ಕೆಲಸ. ಕೈ ಒಳ್ಳೆಯದು, ಅದನ್ನು ಇಲ್ಲವೆನ್ನುವಂತಿಲ್ಲ. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಮಲಗಿಸಿ, ಸಣ್ಣ ಚಕ್ರದ ಕಟರಿನಿಂದ ಒಂದೇ ಒಂದು ಗೆರೆ ಎಳೆದು, ಅಂಚಿಗೆ ಬೆರಳಿನಿಂದ ಟಕ್ಕೆಂದು ತಟ್ಟಿದರೆ ಸಾಕು, ಗಾಜು ಎರಡಾಗುತ್ತಿತ್ತು. ಅದೇ ಗೆರೆಯ ಮೇಲೆ ಎರಡನೇ ಸಲ ಚಕ್ರ ಓಡಿಸಿದರೆ ಗಾಜು ಕೈಯಲ್ಲೇ ಸಿಡಿಯುತ್ತದೆ. ಗಾಜಿನ ಮಟ್ಟಿಗೆ ಇದು ನಿಜ. ಆದರೆ ಆ ಮಹಾರಾಯ ಜಗತ್ತೇ ಗಾಜಿನದು ಅಂದುಕೊಂಡಿದ್ದ. ಯೋಚಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲಾ ಉರಿ. ಮಗಳು ಮೂರು ವರ್ಷದವಳಿದ್ದಾಗ ಎರಡು ಬಣ್ಣದ ಬಲೂನು ತೋರಿಸಿ ಯಾವುದು ಬೇಕು ಅಂದಾಗ, ಅದು ಒಂದು ಗಳಿಗೆ ಇದನ್ನೂ ಒಂದು ಗಳಿಗೆ ಅದನ್ನೂ ನೋಡಿತಂತೆ. ಅವತ್ತೇ 'ತಕ್ಕಡಿ' ಎಂದು ಹೆಸರಿಟ್ಟ. ಎರಡು ಬಲೂನನ್ನೂ ಅಲ್ಲೇ ಒಡೆದೂ ಹಾಕಿದ.

ತಕ್ಕಡಿ ಕೆನ್ನೆ ಹಿಡಿದುಕೊಂಡೇ ಹೇಳಿದಳು, "ಇರೋದನ್ನೇ ಹೇಳ್ತಿದೀನಿ ಅಪ್ಪ. ನಂಗೆ ಗಿಡದ ಪಾಠಾನೂ ಇಷ್ಟ, ಲೆಕ್ಕಾನೂ ಇಷ್ಟ, ಚರಿತ್ರೆನೂ ಇಷ್ಟ. ಒಂದನ್ನ ಹಿಡಿದ್ರೆ ಇನ್ನೊಂದು ಕೈಬಿಟ್ಟುಹೋಗತ್ತೆ ಅಂತ ಭಯ. ಅದಕ್ಕೇ ಅರ್ಜೀಲಿರೋ ವಿಷಯದ ಪಟ್ಟೀಲಿ ಹನ್ನೆರಡನೇದು ನೋಡಿ ಅಂತಿರೋದು. 'ಮೊದಲ ವರ್ಷ ಸಾಮಾನ್ಯ, ಮುಖ್ಯ ವಿಷಯದ ಆಯ್ಕೆ ಎರಡನೇ ವರ್ಷ' ಅಂತ ಅಚ್ಚು ಹಾಕಿದಾರೆ. ನನ್ನಂಥೋರು ಇರ್ತಾರೆ ಅಂತ ಕಾಲೇಜಿನೋರಿಗೇ ಗೊತ್ತು..."

"ವಿಷಯಾನೇ ಇಲ್ಲದ ವಿಷಯ! ನಾಚಿಕೆ ಆಗಲ್ವಾ ಹೇಳೋಕೆ? ನಾಲ್ಕನೇದಕ್ಕೆ ಹಾಕು. ಕಟ್ಟಡ ಕಟ್ಟೋ ವಿದ್ಯೆ. ಕಟ್ಟಡ ಇದ್ದಲ್ಲಿ ಕಿಟಕಿ, ಕಿಟಕಿ ಇದ್ದಲ್ಲಿ ಗಾಜು. ಹಾಕು ಅಂದೆ!"

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಗಾಜಕ್ಕನ ಅತ್ತೆಗೆ ಇಂಥ ಹೊತ್ತು ಬಂದರೆ ಮೊಣಕಾಲಿನ ನೋವೇ ಮರೆತುಹೋಗುತ್ತಿತ್ತು. "ಕಟ್ಟಡ ಬೇಡ ಕಣೋ. ದಾದಿ ಕೆಲಸಕ್ಕೆ ಹಾಕಿಸು. ನನ್ನ ಕಾಲು ನೋಡೋಕೆ ಮನೇಲೊಬ್ಬಳು ಬೇಕು. ಅವ್ವನ ಹಾಗೆ ಇವಳೂ ಮಂಕು, ಕೇಳಿದ್ರೆ ಬಾಯೇ ಬಿಡಲ್ಲ. ಕಪ್ಪೆ ಹಿಡಿದು ತಕ್ಕಡೀಲಿ ಹಾಕಿದ ಹಾಗೆ, ಒಂದು ಕೂತ್ರೆ ಇನ್ನೊಂದು ಹಾರತ್ತೆ," ಎಂದು ಉರಿಯುವ ಬೆಂಕಿಗೆ ಎಣ್ಣೆ ಸುರಿದಳು.

ಗಾಜಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಕೇಳಿದ್ದರೆ ತಾನೇ ಆವತ್ತು ಕೇಳುವುದಕ್ಕೆ! ಗಂಡ ಕೊಯ್ದ ಗಾಜಿನ ಅಂಚನ್ನು ಸಾಣೆಕಲ್ಲಿಗೆ ಹಿಡಿದು, ನೀರು ಬಿಡುತ್ತಾ ನಯ ಮಾಡುವುದು ಅವಳ ಕೆಲಸ. ಜೊತೆಗೆ ಅವನು ಹೇಳಿದ ಅಳತೆಗೆ ಗುರುತು ಮಾಡುವುದು. ಶಾಲೆಯ ಮೆಟ್ಟಿಲು ಹತ್ತದವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿಗಳು ಮಾತ್ರ ನೀರು ಕುಡಿದಷ್ಟು ಸಲೀಸು. ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬೇಕಾದ ಗಾಜಿನ ಮೇಲೆ ಮೇಣದ ಪೆನ್ಸಿಲ್ ತಾಗಿಸುವಂತಿಲ್ಲ, ಒರೆಸಿದರೂ ಮಂಕು ಉಳಿಯುತ್ತದೆ. ಬೇಡದ ತುಂಡಿಗೆ ಇಂಟು ಗುರುತು. 'ಗುರುತು ಬಿದ್ದದ್ದು ಕಸ, ಬೀಳದ್ದು ಕೆಲಸ' ಎಂದು ಗಾಜಣ್ಣ ಮದುವೆಯಾದ ಮೊದಲ ವಾರವೇ ಹೇಳಿಕೊಟ್ಟಿದ್ದ. ತಪ್ಪಿ ಒಳ್ಳೆಯ ಕನ್ನಡಿಗೆ ಇಂಟು ಹಾಕಿದ ದಿನ ಅದೇ ಪೆನ್ಸಿಲ್ಲನ್ನು ಅವಳ ಅಂಗೈಗೆ ಚುಚ್ಚಿದ್ದ. ಆ ಕಲೆ ಇನ್ನೂ ಇತ್ತು. ಅವಳ ಮೈಮೇಲಿನ ಕಲೆಗಳಿಗೆಲ್ಲಾ ಒಂದೊಂದು ಕಥೆ ಇತ್ತು, ಆಸ್ಪತ್ರೆಯಲ್ಲಿ ಹೇಳಿದ್ದು ಮಾತ್ರ ಒಂದೇ ಕಥೆ: 'ಗಾಜು ಜಾರಿತು ಸಿಸ್ಟರ್.'

"ನಾನು ನಾಲ್ಕಕ್ಕೆ ಹಾಕಲ್ಲ," ಎಂದಳು ತಕ್ಕಡಿ. "ಏನು ಬೇಕು ಅಂತ ಗೊತ್ತಿಲ್ಲ ಅಪ್ಪ. ಏನು ಬೇಡ ಅಂತ ಚೆನ್ನಾಗಿ ಗೊತ್ತು."

ಅಷ್ಟೇ! ಗಾಜಣ್ಣ ತಟ್ಟೆಯನ್ನು ಒದ್ದು ಎದ್ದ. ಮಗಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಅಂಗಡಿಗೆ ದರದರನೆ ಎಳೆದ. ಸಾಣೆಕಲ್ಲಿನ ಮುಂದೆ ಅವಳ ತಲೆಯನ್ನು ಬಗ್ಗಿಸಿ, "ನೋಡು! ಕಾಲೇಜು ಇಲ್ಲ, ಗೀಲೇಜು ಇಲ್ಲ! ನಾಳೆಯಿಂದ ಇದೇ ನಿನ್ನ ವಿಷಯ! ಸಾಯೋವರೆಗೂ ಇಲ್ಲೇ ಕೂತು ತೀಡು!" ಎಂದು ಅರಚಿದ. ಮೇಜಿನ ಮೇಲಿದ್ದ ಕನ್ನಡಿಯೊಂದನ್ನು ಎತ್ತಿ ಗೋಡೆಗೆ ಬೀಸಿದ. ಚೂರುಗಳು ಹುಡುಗಿಯ ಕತ್ತಿನ ಮೇಲೆ ಸಿಡಿದವು. "ಅಮ್ಮಾ..." ಎಂದು ಅವಳು ಕೂಗಿದಳು.

ತನಗೆ ಬೀಳುವ ಏಟನ್ನು ತಲೆ ತಗ್ಗಿಸಿ ತಿನ್ನುತ್ತಿದ್ದ ಗಾಜಕ್ಕ ಆವತ್ತು ಯಾವ ಧೈರ್ಯದಲ್ಲಿ ನಡುವೆ ನುಗ್ಗಿದಳೋ! ಅವನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ನೇತುಬಿದ್ದಳು. "ಬಿಡ್ರೀ... ನಿಮ್ಮ ದಮ್ಮಯ್ಯ ಬಿಡ್ರೀ! ಆ ಕಲ್ಲಿನ ಮುಂದೆ ನಾನೊಬ್ಬಳು ಸಾಲ್ದಾ? ಅವಳು ಬೇಡ... ಅವಳನ್ನ ಕೂರಿಸಬೇಡಿ!"

"ನೀನೂ ಬಾಯಿ ಕಲಿತಾ?" ಎಂದವನೇ ಎದೆಗೆ ಕೈಯಿಟ್ಟು ನೂಕಿದ. ಗಾಜಕ್ಕ ಹಿಂದಕ್ಕೆ ಹಾರಿ, ಗಾಜು ಒರಗಿಸಿದ್ದ ಕಟ್ಟಿಗೆಯ ಸ್ಟ್ಯಾಂಡಿಗೆ ಹೋಗಿ ಬಡಿದಳು. ಮೇಲಿನ ಸಾಲಿನ ದೊಡ್ಡ ಗಾಜು ಅಲುಗಿತು, ಜಾರಿತು. ತಲೆಗೆ ಅಡ್ಡ ಹಿಡಿದ ಎಡಗೈಯ ಮೇಲೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಅದರ ಅಂಚು ಇಳಿಯಿತು. ಮೊದಲು ನೋವೇ ಆಗಲಿಲ್ಲ. ಆಮೇಲೆ ರಕ್ತ ನೆಲಕ್ಕೆ ಸುರಿಯಿತು.

ಅತ್ತೆ ಕುರ್ಚಿಯಿಂದಲೇ, "ಅಯ್ಯೋ, ಆ ಗಾಜು ಒಡೀತಾ?" ಎಂದು ಕೇಳಿದಳು. ಮನುಷ್ಯರ ಬಾಯಲ್ಲಿ ಬರುವ ಮಾತೇ ಅದು?

ಗಾಜಣ್ಣ ಗಾಜು ಒರೆಸುವ ಬಟ್ಟೆಯನ್ನು ಅವಳತ್ತ ಎಸೆದ. "ನಾಟಕ ಸಾಕು, ಬಟ್ಟೆ ಕಟ್ಕೋ," ಎಂದ. ಮಗಳನ್ನು ಕನ್ನಡಿ ಇಡುವ ಕೋಣೆಗೆ ನೂಕಿ, ಹೊರಗಿನಿಂದ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಅರ್ಜಿಯನ್ನು ಗಾಜಕ್ಕನ ಸೊಂಟದಿಂದ ಕಿತ್ತು ಒಡೆದ ಗಾಜಿನ ಡ್ರಮ್ಮಿಗೆ ಎಸೆದ. ಯಾವುದೋ ಅಂಗಡಿಗೆ ಗಾಜು ಕೂರಿಸಬೇಕಿತ್ತು. ಬೈಕು ಹತ್ತಿ ಹೋಗಿಯೂ ಬಿಟ್ಟ. ಗಂಟೆ ಎರಡೂವರೆ.

ಗಾಜು ಒರೆಸುವ ಬಟ್ಟೆಯನ್ನು ಕೈಗೆ ಬಿಗಿದುಕೊಂಡು ಗಾಜಕ್ಕ ಬೀಗದ ಬಾಗಿಲಿಗೆ ಕೆನ್ನೆ ಒತ್ತಿದಳು. ಒಳಗೆ ಬಿಕ್ಕುವ ಸದ್ದು.

"ಮಗಳೇ... ಕತ್ತಿಗೆ ಚುಚ್ಚಿದೆಯಾ?"

"ನಂದಿರಲಿ, ನಿನ್ನ ಕೈ... ಅಮ್ಮಾ, ಆಸ್ಪತ್ರೆಗೆ ಹೋಗು. ಅರ್ಜಿ ಹೋದ್ರೆ ಹೋಗ್ಲಿ... ನಾನು ಕಲ್ಲಿನ ಮುಂದೆ ಕೂರ್ತೀನಿ ಬಿಡು..."

"ಕೂತ್ರೆ ನನ್ನಾಣೆ!" ಗಾಜಕ್ಕನ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಅರ್ಜೀಲಿ ಇನ್ನೇನು ಉಳಿದಿದೆ ಹೇಳು."

"ಫೋಟೋ ಅಂಟಿಸಿದೀನಿ. ಅಪ್ಪನ ಸಹಿ ಆಗಿದೆ. ಗುರುತು ಹಾಕೋದೊಂದೇ ಬಾಕಿ. ಹನ್ನೆರಡನೇದು ಅಮ್ಮ, ಕೊನೇದು. ಅದೊಂದೇ ಇರ್ಲಿ, ಮಿಕ್ಕಿದ್ದು ಯಾವುದೂ ಬೇಡ. ಗುರುತು ಹಾಕಿ ಕಿಟಕೀಲಿ ಕೊಟ್ಟುಬಿಡು."

"ಅಷ್ಟೇ ತಾನೆ? ಬರತ್ತೆ ಬಿಡು," ಎಂದಳು ತಾಯಿ. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲೇ ಬೆಳೆದ ಮಗಳಿಗೆ, ಗುರುತು ಅನ್ನುವ ಮಾತು ಅಮ್ಮನ ಕಿವಿಗೆ ಹೇಗೆ ಬಿದ್ದೀತು ಎಂಬುದು ಆ ಅಳುವಿನಲ್ಲಿ ಹೊಳೆಯಲಿಲ್ಲ.

ಡ್ರಮ್ಮಿನ ಚೂರುಗಳ ನಡುವೆ ಕೈ ಹಾಕಿ ಅರ್ಜಿಯನ್ನು ತೆಗೆದಳು. ಮೂಲೆ ಸ್ವಲ್ಪ ಹರಿದಿತ್ತು, ಅಷ್ಟೇ. ಕೊಯ್ಯುವ ಮೇಜಿನ ಮೇಲೆ ಹರಡಿ, ರಸೀದಿ ಬರೆಯುವ ಪೆನ್ನು ಹಿಡಿದಳು. ಒಂದು, ಎರಡು, ಮೂರು... ಅಂಕಿಯ ಮುಂದೆ ಚೌಕ. ಬೇಡದ್ದು. ಬೇಡದ್ದು. ನಾಲ್ಕನೆಯದು ಗಂಡ ಹೇಳಿದ್ದು, ಅದಕ್ಕೆ ಇನ್ನಷ್ಟು ಒತ್ತಿ ಹಾಕಿದಳು. ಹೀಗೆ ಹನ್ನೊಂದು ಚೌಕಕ್ಕೂ ಇಂಟು ಗುರುತು ಹಾಕಿ, ಹನ್ನೆರಡನೆಯದನ್ನು ಪೆನ್ನಿನ ನೆರಳೂ ಬೀಳದಂತೆ ಸ್ವಚ್ಛವಾಗಿ ಬಿಟ್ಟಳು. ಮೇಲೆ ದಪ್ಪಕ್ಷರದಲ್ಲಿ ಏನೋ ಸೂಚನೆ ಇತ್ತು. ಓದಲು ಬಂದಿದ್ದರಲ್ಲವೇ!

ಅವಳು ಹೊಸಿಲು ದಾಟುವಾಗ ಅತ್ತೆ ಕೋಲನ್ನು ಅಡ್ಡ ಹಿಡಿದಳು. "ಎಲ್ಲಿಗೆ? ಗಂಡಸಿನ ಕೋಪ ಹಾಲುಕ್ಕಿದ ಹಾಗೆ ಕಣೇ, ಆಮೇಲೆ ತಾನೇ ಇಳಿಯತ್ತೆ. ಸುಮ್ನೆ ಒಳಗೆ ಹೋಗು."

"ಇಪ್ಪತ್ತು ವರ್ಷದಿಂದ ಉಕ್ತಾನೇ ಇದೆ ಅತ್ತೆ. ಒಲೆ ಒರೆಸಿ ಒರೆಸಿ ನನಗೆ ಸಾಕಾಯ್ತು," ಎಂದು ಗಾಜಕ್ಕ ಕೋಲನ್ನು ಪಕ್ಕಕ್ಕೆ ಸರಿಸಿ ನಡೆದಳು. ಮುದುಕಿ ಬಾಯಿ ತೆರೆದುಕೊಂಡೇ ಕೂತಳು. ಆಮೇಲೆ ಮಗನಿಗೆ ಫೋನು ಹಚ್ಚಿದಳು.

ಕಾಲೇಜಿಗೆ ಮುಕ್ಕಾಲು ಗಂಟೆ ನಡಿಗೆ. ರಕ್ತದ ಬಟ್ಟೆ ಕಂಡು ದಾರಿಯಲ್ಲಿ ಜನ ಸರಿದು ಜಾಗ ಬಿಟ್ಟರು. ಎರಡು ಕಡೆ ತಲೆ ಸುತ್ತಿ ಗೋಡೆ ಹಿಡಿದು ನಿಂತಳು, ಒಂದು ಕಡೆ ಕೂತೇಬಿಟ್ಟಳು. ಕಿಟಕಿಯ ಮುಂದಿನ ಸಾಲು ಮುಗಿದು ಅವಳ ಸರದಿ ಬಂದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಇತ್ತು. ಒಳಗಿದ್ದ ಗುಮಾಸ್ತ ಬೆಳಗ್ಗೆಯಿಂದ ಅರ್ಜಿ ನೋಡಿ ನೋಡಿ ಸೋತ ಮನುಷ್ಯ. ಕನ್ನಡಕ ಮೇಲೆತ್ತಿ ನಕ್ಕುಬಿಟ್ಟ.

"ಏನಮ್ಮಾ ಇದು! ಹನ್ನೊಂದು ವಿಷಯ ಬೇಕಾ? ನಿಮ್ಮ ಮಗಳು ಹನ್ನೊಂದು ಜನ್ಮ ಎತ್ತಿ ಬರಬೇಕಾಗತ್ತೆ."

"ಅಯ್ಯೋ, ಬೇಕಲ್ಲ ಸ್ವಾಮಿ! ಅದೆಲ್ಲಾ ಬೇಡ ಅಂತ."

"ಬೇಡದ್ದಕ್ಕೆ ಯಾರಾದ್ರೂ ಗುರುತು ಹಾಕ್ತಾರಾ? 'ಬೇಕಾದ ಒಂದು ವಿಷಯಕ್ಕೆ ಮಾತ್ರ ಇಂಟು ಗುರುತು ಹಾಕಿ' ಅಂತ ಮೇಲೆ ಇಷ್ಟು ದಪ್ಪ ಬರೆದಿದೆ. ಬೇಡವಾದ ಹನ್ನೊಂದನ್ನ ಆರಿಸಿ, ಬೇಕಾದ ಒಂದನ್ನ ಬಿಟ್ಟಿದೀರಲ್ಲಮ್ಮಾ!"

ಏಟಿಗೆ ಅಳದವಳು, ರಕ್ತಕ್ಕೆ ಅಳದವಳು, ಆ ಕಿಟಕಿಯ ಸರಳು ಹಿಡಿದು ಗೊಳೋ ಎಂದು ಅತ್ತಳು. "ನನ್ನ ಕೈಯಾರೆ... ನನ್ನ ಕೈಯಾರೆ ಮಗಳ ಬಾಳಿಗೆ ಇಂಟು ಹಾಕಿಬಿಟ್ಟೆನಲ್ಲಪ್ಪಾ..."

ಗುಮಾಸ್ತನ ನಗು ಇಳಿಯಿತು. ಅವಳ ಕೈಯ ಬಟ್ಟೆಯನ್ನು ಆಗಲೇ ಅವನು ಕಂಡದ್ದು. "ಅಳಬೇಡಿ, ಅಳಬೇಡಿ. ಹೊಸ ಅರ್ಜಿ ಖಾಲಿಯಾಗಿದೆ, ಆದ್ರೆ ತಿದ್ದಬಹುದು. ಒಂದೊಂದು ತಪ್ಪನ್ನೂ ಹೊಡೆದುಹಾಕಿ ಪಕ್ಕದಲ್ಲಿ ಪೋಷಕರು ಸಹಿ ಮಾಡಬೇಕು. ತಾಯೀನೂ ಪೋಷಕರೇ. ಸಹಿ ಬರಲ್ವಾ? ಹೆಬ್ಬೆಟ್ಟು ಒತ್ತಿ, ಪರವಾಗಿಲ್ಲ."

ಶಾಯಿಯ ಡಬ್ಬಿ ಮುಂದಿಟ್ಟ. ಗಾಜಕ್ಕ ಬಲಗೈ ಹೆಬ್ಬೆರಳನ್ನು ಅದ್ದಿ, ಮೊದಲ ಇಂಟಿನ ಪಕ್ಕ ಒತ್ತಿದಳು. ಬರೀ ನೀಲಿ ಮಚ್ಚೆ! ಒಂದು ಗೆರೆ ಇಲ್ಲ, ಸುಳಿ ಇಲ್ಲ. ಇನ್ನೊಂದು ಸಲ ರದ್ದಿ ಹಾಳೆಯಲ್ಲಿ ಒತ್ತಿಸಿದ, ಬೇರೆ ಬೆರಳನ್ನೂ ಒತ್ತಿಸಿದ. ಇಪ್ಪತ್ತು ವರ್ಷ ಗಾಜಿನ ಜೊತೆಗೆ ಸಾಣೆಕಲ್ಲು ಅವಳ ಬೆರಳನ್ನೂ ತೀಡಿಬಿಟ್ಟಿತ್ತು.

"ಅಚ್ಚೇ ಬೀಳ್ತಿಲ್ಲವಲ್ಲಮ್ಮಾ... ಇದನ್ನ ಒಳಗೆ ಒಪ್ಪಲ್ಲ," ಎಂದ ಗುಮಾಸ್ತ. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ.

ಆಗಲೇ ಹಿಂದಿನಿಂದ ಕೂದಲಿಗೆ ಕೈ ಬಿತ್ತು. ಕತ್ತು ಹಿಂದಕ್ಕೆ ವಾಲಿ ಅವಳಿಗೆ ಮೇಲಿನ ಚಾವಣಿ ಕಾಣಿಸಿತು, ಆಮೇಲೆ ಗಂಡನ ಮುಖ. "ಹೇಳದೆ ಕೇಳದೆ ಬೀದಿಗೆ ಬರ್ತೀಯಾ? ಊರ ಮುಂದೆ ನನ್ನ ಮಾನ ಹರಾಜು ಹಾಕ್ತೀಯಾ?" ಎಂದು ಗಾಜಣ್ಣ ಅವಳ ತಲೆಯನ್ನು ಕಿಟಕಿಯ ಕಟ್ಟೆಗೆ ಜಜ್ಜಿದ. ಹಣೆ ಒಡೆಯಿತು. ಇನ್ನೊಂದು ಸಲ ಎಳೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬ ಬಸ್ ಡ್ರೈವರ್, ಆಗಷ್ಟೇ ಮಗನ ಅರ್ಜಿ ಕೊಟ್ಟು ನಿಂತಿದ್ದವನು, ಅವನ ರಟ್ಟೆಯನ್ನು ಹಿಂದಕ್ಕೆ ತಿರುಚಿದ.

"ಏ ಯಜಮಾನ, ಕೈ ತೆಗಿ! ಇಲ್ಲೇ ನಿನ್ನ ಮೂಳೆ ಮುರಿದೇನು!"

"ನನ್ನ ಹೆಂಡ್ತಿ, ನನ್ನಿಷ್ಟ!"

"ನಿನ್ನ ಹೆಂಡ್ತಿ ಇರಬಹುದು. ತಲೆ ಅವರದ್ದು," ಎಂದ ಡ್ರೈವರ್.

ಗಾಜಣ್ಣ ಕೊಸರಿಕೊಂಡು ಕಟ್ಟೆಯ ಮೇಲಿನ ಅರ್ಜಿಯನ್ನು ಕಸಿದ. ಹರಿಯಲು ಎರಡೂ ಕೈಯಲ್ಲಿ ಹಿಡಿದವನು ಅದನ್ನೊಮ್ಮೆ ನೋಡಿದ. ಹನ್ನೊಂದು ಇಂಟು. ಒಂದು ಖಾಲಿ. ಗುಮಾಸ್ತ ಒಳಗಿನಿಂದ, "ತಿದ್ದೋಕೆ ಪೋಷಕರ ಸಹಿ ಬೇಕು. ನೀವಾದ್ರೂ ಹೇಳಿ, ಇದನ್ನ ಹೇಗೆ ಓದಬೇಕು?" ಎಂದದ್ದಕ್ಕೆ, ಅಭ್ಯಾಸಬಲ ನೋಡಿ, ಅವನ ಬಾಯಿಂದ ತಾನಾಗಿ ಹೊರಬಿತ್ತು: "ಇದರಲ್ಲೇನಿದೆ ಸಾರ್? ಗುರುತು ಬಿದ್ದದ್ದು ಕಸ. ಕೊನೇದೇ ಬೇಕು ಅಂತ ಅವಳು..." ಅಷ್ಟಕ್ಕೆ ನಾಲಗೆ ಕಚ್ಚಿಕೊಂಡ. "ಬೇಕು ಅಂದ್ರೆ ಆಯ್ತಾ? ನಾನು ಸಹಿ ಹಾಕಲ್ಲ!"

"ಹಾಕಬೇಡಿ, ಹರೀರಿ," ಎಂದಳು ಗಾಜಕ್ಕ. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಲಿಲ್ಲ. "ಒಂದ್ಸಲ ಹರಿದರೆ ಆಯ್ತು, ನೀವೇ ಹೇಳ್ತೀರಲ್ಲ, ಎರಡನೇ ಗೆರೆ ಇಲ್ಲ ಅಂತ. ಆದ್ರೆ ನಾಳೆ ಕಲ್ಲಿನ ಮುಂದೆ ಕೂರೋಕೆ ನಿಮಗೆ ನನ್ನ ಮಗಳೂ ಸಿಗಲ್ಲ, ನಾನೂ ಸಿಗಲ್ಲ. ಈ ಕೈ ನೋಡಿ."

ಬಟ್ಟೆ ಬಿಚ್ಚಿದಳು. ಸುತ್ತ ನಿಂತವರು ಮುಖ ತಿರುಗಿಸಿದರು. ಗಾಜಣ್ಣ ತಿರುಗಿಸಲಿಲ್ಲ. ಗಾಜಿನ ಗಾಯವನ್ನು ಓದಲು ಬಲ್ಲವನು ಅವನು.

"ಬೆರಳು ಮಡಚು," ಎಂದ.

ಅವಳು ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು.

"ಮಡಚು ಅಂದೆ!"

ಹೆಬ್ಬೆರಳು ಬಾಗಿತು, ತೋರುಬೆರಳು ಸ್ವಲ್ಪ ಬಾಗಿತು. ಮಿಕ್ಕ ಮೂರು ಬೆರಳು ಯಾರದೋ ಬೆರಳಿನಂತೆ ಚಾಚಿಕೊಂಡೇ ಇದ್ದವು. ಗಾಜಣ್ಣನ ಮುಖ ಬಿಳಚಿಕೊಂಡಿತು. ಅವನ ಅಪ್ಪನ ಬಲಗೈ ಹೀಗೇ ಹೋಗಿತ್ತು. ಒಳಗಿನ ನರ ಕಡಿದ ಮೇಲೆ ಆ ಕೈ ಒಂದು ಲೋಟವನ್ನೂ ಹಿಡಿಯಲಿಲ್ಲ. ಎಂಟು ವರ್ಷದ ಹುಡುಗನಾಗಿದ್ದಾಗ ಆ ಕೈಗೆ ಅವನೇ ಅಂಗಿ ತೊಡಿಸುತ್ತಿದ್ದ, ಅಂಗಿ ತೊಡಿಸುತ್ತಾ ಅಳುತ್ತಿದ್ದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ?

"ಪೆನ್ನು ಕೊಡಿ," ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಒಂದೇ ಗೆರೆಯ ಮನುಷ್ಯ ಹನ್ನೊಂದು ಗೆರೆ ಹೊಡೆದು ಹನ್ನೊಂದು ಸಹಿ ಹಾಕಿದ. ಕೊನೆಯ ಎರಡು ಸಹಿ ಅವನದೆಂದು ಗುರುತಿಸುವಂತೆಯೇ ಇರಲಿಲ್ಲ. ಗುಮಾಸ್ತ ಪೆನ್ನನ್ನು ಗಾಜಕ್ಕನ ಕಡೆ ಚಾಚಿದ. "ಈಗ ಹನ್ನೆರಡನೇ ಚೌಕಕ್ಕೆ ಇಂಟು ಹಾಕಿ ಅಮ್ಮ. ನೀವೇ ಹಾಕಿ."

ಅವಳ ಕೈ ತಡೆಯಿತು. ಒಳ್ಳೆಯದರ ಮೇಲೆ ಹೇಗೆ ಹಾಕುವುದು? ಅಂಗೈಯ ಹಳೆಯ ಕಲೆ ಚುರುಗುಟ್ಟಿತು.

"ಹೆದರಬೇಡಿ. ನಿಮ್ಮ ಅಂಗಡೀಲಿ ಹೇಗೋ ಗೊತ್ತಿಲ್ಲ. ಇಲ್ಲಿ ಗುರುತು ಹಾಕಿದ್ದೇ ಬೇಕಾದ್ದು."

ಹಾಕಿದಳು. ಕಿಟಕಿ ಮುಚ್ಚಿತು.

ಡ್ರೈವರೇ ಒಂದು ಬಾಡಿಗೆ ಕಾರು ನಿಲ್ಲಿಸಿ ಹತ್ತಿಸಿದ. ಗಾಜಣ್ಣ, "ಆಸ್ಪತ್ರೆಗೆ ಬೇಗ ನಡೀರಿ," ಎಂದರೆ ಗಾಜಕ್ಕ, "ಮೊದಲು ಬೀಗ, ಆಮೇಲೆ ಆಸ್ಪತ್ರೆ," ಎಂದಳು. ಮನೆ ಅದೇ ದಾರಿಯಲ್ಲಿತ್ತು. ಕೀಲಿ ತಿರುಗಿತು. ತಕ್ಕಡಿ ಹೊರಗೆ ಬಂದು ಅಮ್ಮನ ಹಣೆ ನೋಡಿದಳು, ಕೈ ನೋಡಿದಳು, ಏನೂ ಕೇಳದೆ ಅವಳನ್ನು ತಬ್ಬಿಕೊಂಡಳು. "ಹನ್ನೆರಡನೇದು ಆಯ್ತು ಮಗಳೇ," ಎಂದಳು ತಾಯಿ. ಅತ್ತೆ ಕುರ್ಚಿಯಿಂದ, "ಸಂಜೆ ಊಟಕ್ಕೆ ಯಾರು..." ಎಂದು ಶುರು ಮಾಡಿದವಳು ಮಗನ ಮುಖ ಕಂಡು ಬಾಯಿ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿ, ಒಳಗಿನ ನರ ಹೊಲಿಯಬೇಕು, ಮೂರು ಬೆರಳು ಮೊದಲಿನಂತಾಗುವುದು ಕಷ್ಟ ಎಂದರು. ಅವರು ಸಿದ್ಧ ಮಾಡಿಕೊಳ್ಳಲು ಒಳಗೆ ಹೋದಾಗ ಸಿಸ್ಟರ್ ಒಂದು ಹಾಳೆ ಹಿಡಿದು ಬಂದಳು. "ಗಾಯ ಹೇಗಾಯ್ತು?"

"ಗಾಜು ಜಾರಿ ಬಿತ್ತು ಸಿಸ್ಟರ್," ಎಂದ ಗಾಜಣ್ಣ ಥಟ್ಟನೆ. "ನಮ್ದು ಗಾಜಿನ ಅಂಗಡಿ, ಇದೆಲ್ಲಾ ಇದ್ದದ್ದೇ."

"ಹಣೆಗೂ ಗಾಜೇ ಜಾರಿತಾ? ನಾನು ಅವರನ್ನ ಕೇಳಿದ್ದು." ಸಿಸ್ಟರ್ ಹಾಳೆಯನ್ನು ಹಲಗೆಗೆ ಸಿಕ್ಕಿಸಿ ಗಾಜಕ್ಕನ ತೊಡೆಯ ಮೇಲಿಟ್ಟಳು. "ಎರಡು ಚೌಕ ಇದೆ ನೋಡಿ. ನಿಮ್ಮ ಮಗಳು ಓದಲಿ, ನೀವೇ ಗುರುತು ಹಾಕಿ. ನಿಧಾನ ಹಾಕಿ, ಅವಸರ ಏನಿಲ್ಲ."

ತಕ್ಕಡಿ ಓದಿದಳು. "ಒಂದು, ಆಕಸ್ಮಿಕ. ಎರಡು... ಹಲ್ಲೆ."

ಗಾಜಣ್ಣ ನೆಲದ ಮೇಲೆ ಕುಕ್ಕರಿಸಿ ಅವಳ ಕಾಲ ಬಳಿ ಕೂತ. ಇಪ್ಪತ್ತು ವರ್ಷದಲ್ಲಿ ಅವನು ಅವಳಿಗಿಂತ ಕೆಳಗೆ ಕೂತದ್ದು ಅದೇ ಮೊದಲು. "ನೋಡೇ... ಸಹಿ ಹಾಕಲಿಲ್ವಾ ನಾನು? ಹನ್ನೊಂದು ಸಹಿ! ಊರ ಮುಂದೆ ತಲೆ ತಗ್ಗಿಸಿ ಹಾಕಿದೆ. ಇನ್ಮೇಲೆ ಕೈ ಎತ್ತಲ್ಲ ಕಣೇ, ಆಣೆ. ಕಲ್ಲಿನ ಮುಂದೆ ನಾನೇ ಕೂರ್ತೀನಿ. ಇವಳು ಏನು ಬೇಕಾದ್ರೂ ಓದ್ಲಿ..." ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ, ಅದನ್ನೂ ಹೇಳಲೇಬೇಕು. ಹಿಂದಿನ ಸಲಗಳಲ್ಲೂ ಅದು ಸುಳ್ಳು ನೀರಾಗಿರಲಿಲ್ಲ.

ಗಾಜಕ್ಕ ಅವನ ಮುಖವನ್ನು ನೋಡಿದಳು. ಎಳೆಯವನಾಗಿದ್ದಾಗ ಅಪ್ಪನ ಸತ್ತ ಕೈಗೆ ಅಂಗಿ ತೊಡಿಸಿದೆ ಎಂದು ಮದುವೆಯ ಹೊಸತರಲ್ಲಿ ಅವನು ಹೇಳಿ ಅತ್ತದ್ದು ನೆನಪಾಯಿತು. ಅಯ್ಯೋ ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆಮೇಲೆ ಮಗಳ ಕತ್ತಿನ ಮೇಲಿನ ಚೂರಿನ ಗಾಯಗಳನ್ನು ನೋಡಿದಳು. ಪೆನ್ನು ಹಿಡಿದು, ಎರಡನೆಯ ಚೌಕದಲ್ಲಿ, ಅಳತೆ ತಪ್ಪದಂತೆ ಒಂದು ಇಂಟು ಹಾಕಿದಳು.

ಗಾಜಣ್ಣ ಕತ್ತು ಚಾಚಿ ನೋಡಿದ. 'ಹಲ್ಲೆ'ಯ ಮೇಲೆ ಇಂಟು. ಅವನ ಮುಖ ಅರಳಿತು. ಉಸಿರು ಬಿಟ್ಟು, ಎರಡೂ ಕೈ ಜೋಡಿಸಿ, "ಉಳಿಸಿದೆ ಕಣೇ... ಹೊಡೆದುಹಾಕಿದೆಯಲ್ಲ, ನನ್ನನ್ನ ಉಳಿಸಿದೆ!" ಎಂದ.

"ಇಲ್ಲ ರೀ," ಎಂದಳು ಗಾಜಕ್ಕ. "ಅಂಗಡಿಯ ಹೊರಗೆ, ಗುರುತು ಹಾಕಿದ್ದೇ ಬೇಕಾದ್ದಂತೆ."

ಜೋಡಿಸಿದ ಕೈ ಹಾಗೇ ನಿಂತಿತು. ಸಿಸ್ಟರ್ ಹಾಳೆಯನ್ನು ತೆಗೆದುಕೊಂಡು, ಪೊಲೀಸರಿಗೆ ತಿಳಿಸುತ್ತೇವೆ, ನೀವು ಹೊರಗೆ ಕೂತಿರಿ ಎಂದು ಅವನಿಗೆ ಹೇಳಿದಳು. ಅವನು ಗೋಡೆ ಹಿಡಿದು ಎದ್ದ. ಕೈ ಎತ್ತಲಿಲ್ಲ, ಕೂಗಲೂ ಇಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತು ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ, "ಹಾಗಾದ್ರೆ... ನಾಳೆ ಏನೇ? ನೀವಿಬ್ಬರೂ ಎಲ್ಲಿಗೆ ಹೋಗ್ತೀರಾ? ಮನೆಗೆ ಬರ್ತೀರಾ, ಇಲ್ವಾ?"

ತಕ್ಕಡಿ ಅಮ್ಮನ ಮುಖ ನೋಡಿದಳು. ಗಾಜಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. ನಾಳೆ, ನಾಡಿದ್ದು, ಮಗಳ ಕಾಲೇಜು, ಮಡಚದ ಮೂರು ಬೆರಳು.

"ಗೊತ್ತಿಲ್ಲ ರೀ," ಎಂದಳು.

ಅಭ್ಯಾಸಕ್ಕೆ ಕಣ್ಣು ಮುಚ್ಚಿ ಏಟಿಗೆ ಕಾದಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ, ಮಗಳು ಅವಳ ಬಲಗೈಯನ್ನು ಹಿಡಿದುಕೊಂಡು ಕೂತಿದ್ದಳು.